ದುಡಿಮೆಯೂ ಹೊಣೆಯೂ

ಒಬ್ಬನ ದುಡಿಮೆಯ ಫಲವನ್ನು ಉಣ್ಣುವವನು ಅವನ ಹೊಣೆಯನ್ನು ಮತ್ತೊಬ್ಬನಿಗೆ ಒಪ್ಪಿಸಿ ನಿಶ್ಚಿಂತನಾಗಬಹುದೆ? ಗುತ್ತಿಗೆದಾರರ ಮೂಲಕ ಆಳುಗಳನ್ನು ಪಡೆಯುವ ಪದ್ಧತಿಯಲ್ಲಿ ಅಡಗಿರುವ ಧರ್ಮಪ್ರಶ್ನೆಯಿದು. ಕೆಲಸ ನಡೆಯುವುದು ಕಾರ್ಖಾನೆಯಲ್ಲಿ; ಹಾಜರಿ, ಸಂಬಳಗಳ ಲೆಕ್ಕವಿರುವುದು ಗುತ್ತಿಗೆದಾರನಲ್ಲಿ.

ಈ ಏರ್ಪಾಡು ಸರ್ವಥಾ ನಿಂದ್ಯವೆಂದು ಹೇಳಲಾಗದು. ಕಬ್ಬು ನುರಿಸುವ ಕಾಲದಲ್ಲಿ ಸಕ್ಕರೆಯ ಕಾರ್ಖಾನೆಗೆ ಹೆಚ್ಚು ಕೈಗಳು ಬೇಕು. ಆ ಕಾಲ ಕಳೆದ ಮೇಲೆ ಬೇಡ. ಆದರೆ ನಗರದ ಬೀದಿಯಲ್ಲಿ ಕಸ ಬೀಳದ ದಿನವುಂಟೆ? ನಿತ್ಯದ ಕೆಲಸ ಮಾಡುವವನನ್ನು ತಾತ್ಕಾಲಿಕನೆಂದು ಕರೆದರೆ, ಅಲ್ಲಿ ತಾತ್ಕಾಲಿಕವಾಗುವುದು ಅವನ ಅನ್ನವೊಂದೇ.

ಭಾರತದ 1970ರ ಗುತ್ತಿಗೆ ಕಾರ್ಮಿಕರ ಶಾಸನವು ಈ ಭೇದವನ್ನು ಕಂಡಿತ್ತು. ಕೆಲಸವು ನಿತ್ಯಸ್ವರೂಪದ್ದೇ ಎಂಬುದೇ ಮೊದಲಾದ ಸಂಗತಿಗಳನ್ನು ವಿಚಾರಿಸಿ ಗುತ್ತಿಗೆಯನ್ನು ನಿಷೇಧಿಸುವ ಅಧಿಕಾರವನ್ನು ಅದು ಸರಕಾರಕ್ಕೆ ಕೊಟ್ಟಿತು. ಗುತ್ತಿಗೆದಾರನು ಕೂಲಿ ಕೊಡದಿದ್ದರೆ ಮೂಲ ಯಜಮಾನನೇ ತೆರಬೇಕೆಂದು ವಿಧಿಸಿತು. ಆದರೆ ನಿಷೇಧವಾದೊಡನೆ ಆ ಆಳು ಯಜಮಾನನ ನೌಕರನಾಗುವನೆ? 1996ರಲ್ಲಿ ಸುಪ್ರೀಂ ಕೋರ್ಟು ಅಹುದೆಂದಿತು. 2001ರಲ್ಲಿ ಅದರ ಐವರು ನ್ಯಾಯಾಧೀಶರ ಪೀಠವು, ತಾನಾಗಿಯೇ ಆಗುವುದಿಲ್ಲವೆಂದು ಆ ತೀರ್ಪನ್ನು ತಳ್ಳಿಹಾಕಿತು. ಗುತ್ತಿಗೆಯು ಬರಿಯ ಸೋಗೆಂದು ಸಿದ್ಧವಾದಲ್ಲಿ ಅವನು ಯಜಮಾನನ ನೌಕರನೇ ಸರಿ. ಉಳಿದೆಡೆ, ರಕ್ಷಣೆಗೆಂದು ಬಂದ ನಿಷೇಧವೇ ಅವನ ಕೆಲಸವನ್ನು ಕಳೆಯಬಹುದೆಂಬಂತಾಯಿತು.

ಶಾಸನವು ಹೊಣೆಗೆ ಒಂದು ಎಲ್ಲೆಯನ್ನು ಗೊತ್ತುಮಾಡಬಲ್ಲುದು. ಋಣವು ಆ ಎಲ್ಲೆಯಲ್ಲಿ ನಿಲ್ಲುವುದಿಲ್ಲ. ಹತ್ತು ವರ್ಷ ತನ್ನ ಬಾಗಿಲನ್ನು ಕಾದವನನ್ನು ‘ನಮ್ಮವನಲ್ಲ’ ಎನ್ನುವ ಯಜಮಾನನ ಮಾತು ಕಾಗದದ ಪ್ರಕಾರ ಸತ್ಯವಿರಬಹುದು. ಧರ್ಮದ ಪ್ರಕಾರ ಸತ್ಯವಾಗಲಾರದು.