ಹಿಂದಿನಿಂದ ನೂಕಿದವರು

‘ಬರೀ ಹಾರ್ಡ್ ವರ್ಕ್‌ನಿಂದ ಮೇಲೆ ಬಂದೆ’ ಅನ್ನೋ ಮಾತು ಕೇಳಿದಾಗೆಲ್ಲ ನನಗೆ ಒಂದು ಸಮೀಕರಣ ನೆನಪಾಗುತ್ತೆ. 1997ರಲ್ಲಿ ಕ್ರಿಸ್ಟೋಫರ್ ಜಾರ್ಜಿನ್ಸ್ಕಿ ಕೊಟ್ಟದ್ದು.

ಒಂದು ವ್ಯವಸ್ಥೆಯನ್ನು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಒಯ್ಯಲು ಸರಾಸರಿ ತೆರಲೇಬೇಕಾದ ಕನಿಷ್ಠ ಕೆಲಸವಿದೆ: ಮುಕ್ತ ಶಕ್ತಿಯ ವ್ಯತ್ಯಾಸ. ಅವಸರಪಟ್ಟರೆ ಅದಕ್ಕಿಂತ ಜಾಸ್ತಿ ದುಡಿಯಬೇಕು, ಆ ಜಾಸ್ತಿಯೆಲ್ಲ ಬಿಸಿಯಾಗಿ ಪೋಲು. ಜಾರ್ಜಿನ್ಸ್ಕಿ ತೋರಿಸಿದ ಸೋಜಿಗ ಏನಂದ್ರೆ, ಇಂಥ ಅವಸರದ ಪ್ರಯತ್ನಗಳನ್ನೇ ಮತ್ತೆ ಮತ್ತೆ ಮಾಡಿ, ಒಂದು ವಿಶೇಷ ಸರಾಸರಿ ತೆಗೆದರೆ ಆ ವ್ಯತ್ಯಾಸ ಕರಾರುವಾಕ್ಕಾಗಿ ಸಿಗುತ್ತೆ. 2002ರಲ್ಲಿ ಬರ್ಕ್ಲಿಯಲ್ಲಿ ಆರ್‌ಎನ್‌ಎ ಅಣುವೊಂದನ್ನು ಹಿಡಿದೆಳೆದು ಇದನ್ನು ಪರೀಕ್ಷಿಸಿದರು.

ಈ ಲೆಕ್ಕದಲ್ಲಿ ಕನಿಷ್ಠಕ್ಕಿಂತಲೂ ಕಮ್ಮಿ ಖರ್ಚಿನಲ್ಲಿ ಮುಗಿದ ಅಪರೂಪದ ಪ್ರಯತ್ನಗಳಿಗೆ ಭಾರಿ ತೂಕ. ಹೌದು, ಅಂಥವೂ ಇರುತ್ತವೆ. ಎಳೆದವನ ಜಾಣತನ ಅಲ್ಲ. ಸುತ್ತಲಿನ ನೀರಿನ ಅಣುಗಳು ಆ ಹೊತ್ತಿಗೆ ಸರಿಯಾದ ದಿಕ್ಕಿಗೆ ನೂಕಿರುತ್ತವೆ, ಅಷ್ಟೇ. ಬೆಂಗಳೂರಿನ ವಿಜ್ಞಾನಿಗಳೇ 2016ರಲ್ಲಿ ಲೇಸರ್ ಬೆಳಕಲ್ಲಿ ಹಿಡಿದಿಟ್ಟ ಸಣ್ಣ ಮಣಿಯೊಂದನ್ನು ಎಂಜಿನ್ ಮಾಡಿ, ಸುತ್ತ ಬ್ಯಾಕ್ಟೀರಿಯಾಗಳ ನೂಕಾಟವಿದ್ದರೆ ಅದು ಬರೀ ನೀರಲ್ಲಿ ಇದ್ದಾಗಿಗಿಂತ ಹೆಚ್ಚು ಕೆಲಸ ಕೊಡುತ್ತೆ ಅಂತ ತೋರಿಸಿದರು.

ನಮ್ಮ ಬಾಡಗಂಡಿ ಕಡೆ ಎರೆಹೊಲದಲ್ಲಿ ಕಬ್ಬಿನ ಟ್ರೇಲರ್ ಹುಗಿದರೆ ಡ್ರೈವರ್ ಎಷ್ಟು ಎಕ್ಸಲರೇಟರ್ ಒತ್ತಿದರೂ ಗಾಲಿ ಸುತ್ತಿ ಹೊಗೆ ಬರುತ್ತೆ. ಹಿಂದಿನಿಂದ ನಾಲ್ಕು ಮಂದಿ ಹೆಗಲು ಕೊಟ್ಟ ಮೇಲೇ ಎದ್ದು ಬರೋದು. ಆಮೇಲೆ ಚಾದಂಗಡಿಯಲ್ಲಿ ‘ಒಂದ ಸಲಕ್ಕ ಎತ್ತೀನಿ ನೋಡ್ರಿ’ ಅಂತಾನೆ, ಅದು ಬೇರೆ!

ಮನುಷ್ಯರು ಅಣುಗಳಲ್ಲ ಅಂತ ಭೌತವಿಜ್ಞಾನಿಗಳು ಬೈಯಬಹುದು. ಬೈಯಲಿ. ಆ ಸಮೀಕರಣದ ಪ್ರಾಮಾಣಿಕತೆ ನನಗೆ ಬೇಕು. ಅದೃಷ್ಟದ ಪ್ರಯತ್ನಕ್ಕೆ ತೂಕ ಕೊಟ್ಟರೂ, ಸರಾಸರಿಗೆ ಭಾಗಿಸುವಾಗ ಸೋತು ಸುಣ್ಣವಾದ ಪ್ರತಿಯೊಂದೂ ಎಣಿಕೆಗೆ ಬರಲೇಬೇಕು. ಬಿಟ್ಟರೆ ಉತ್ತರವೇ ತಪ್ಪು. ಲಿಂಕ್ಡ್‌ಇನ್‌ನಲ್ಲಿ ನಾವು ಓದೋದು ಗೆದ್ದವರದ್ದು ಮಾತ್ರ, ಅದೂ ನೂಕಿದವರನ್ನ ಬಿಟ್ಟು.

ನನ್ನ ಇಂಜಿನಿಯರಿಂಗ್ ಫೀ ಕಬ್ಬಿನ ಬಿಲ್ಲಿನಿಂದ ಬಂತು. ಜೊತೆಗೆ ಓದಿದ ಒಬ್ಬನ ಮನೆಗೆ ಆ ವರ್ಷದ ಬಿಲ್ಲು ತಿಂಗಳುಗಟ್ಟಲೆ ತಡವಾಯ್ತು. ಅವನು ಕಾಲೇಜು ಬಿಟ್ಟು ಮಗ್ಗಕ್ಕೆ ಬನಹಟ್ಟಿಗೆ ಹೋದ. ರಾತ್ರಿ ಇಬ್ಬರೂ ಒಂದೇ ಲೈಟಿನ ಕೆಳಗೆ ಓದಿದ್ವಿ. ನಾನು ಓದಲೇ ಇಲ್ಲ ಅಂತಲ್ಲ, ಓದಿದೀನಿ. ಆದರೆ ನಮ್ಮಿಬ್ಬರ ನಡುವಿನ ಅಂತರಕ್ಕೆ ‘ಪರಿಶ್ರಮ’ ಅಂತ ಹೆಸರಿಡೋಕೆ ಬಾಯಿ ಬರಲ್ಲ.

ಈಗ ನಾನೂ ಇಂಟರ್ವ್ಯೂ ತಗೋತೀನಿ. ರೆಸ್ಯೂಮೆಯಲ್ಲಿ ಗ್ಯಾಪ್ ಕಂಡ ತಕ್ಷಣ ಬದಿಗಿಡಲ್ಲ. ಆ ವರ್ಷ ಏನಾಗಿತ್ತು ಅಂತ ಮೊದಲು ಕೇಳ್ತೀನಿ.