ಕತ್ತಿ ಹಿಡಿದ ಕೈಗೆ ಮಂತ್ರಾಕ್ಷತೆ

1791ರ ನವೆಂಬರಿನಲ್ಲಿ ಕೃಷ್ಣಗಿರಿಯ ಬಂಡೆಕೋಟೆ ಹತ್ತಹೋದ ಇಂಗ್ಲಿಷ್ ಪಡೆ, ಮೇಲಿಂದ ಉರುಳಿದ ಕಲ್ಲುಗಳಿಗೆ ಸಿಕ್ಕು ಕೆಳಗಿಳಿಯಿತು. ಕಾದಾಡಿ ಸಿಗದ ಕೋಟೆ ಮರುವರ್ಷ ಟಿಪ್ಪುವಿನೊಡನಾದ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಸಿಕ್ಕಿತು. ಕೋಟೆಯ ಸುತ್ತಲಿನ ಬಾರಾಮಹಲು ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಹೊಸೂರು 1799ರಲ್ಲಿ ಅದನ್ನು ಹಿಂಬಾಲಿಸಿತು.

ಕಂದಾಯ ಗೊತ್ತುಮಾಡಲು ಬಂದವರೂ ಸೈನಿಕರೇ: ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್, ಅವನ ಕೈಕೆಳಗೆ ಥಾಮಸ್ ಮನ್ರೋ. ಹೈದರ್, ಟಿಪ್ಪು ಇಬ್ಬರ ಮೇಲೂ ಯುದ್ಧ ಮಾಡಿದ್ದ ಈ ಗ್ಲಾಸ್ಗೋದವನು ಏಳು ವರ್ಷ ಇಲ್ಲೇ ಹೊಲ ಅಳೆಸಿದ. ರೈತನಿಂದಲೇ ನೇರವಾಗಿ ಕಂದಾಯ ಪಡೆಯುವ ರೈತವಾರಿ ಪದ್ಧತಿ ಕಣ್ಣುಬಿಟ್ಟದ್ದು ಈ ಬಂಡೆಗಳ ನಡುವೆ. ಮುಂದೆ ಕೆನರಾ, ಬಳ್ಳಾರಿ-ಕಡಪ ಸೀಮೆ. 1817-18ರಲ್ಲಿ ಧಾರವಾಡ, ಬಾದಾಮಿಗಳಲ್ಲಿ ಮರಾಠರೊಡನೆ ಮತ್ತೆ ಕಾಳಗ. ಮೇಜರ್ ಜನರಲ್ ಆಗಿ 1820ರಲ್ಲಿ ಮದರಾಸಿನ ಗವರ್ನರ್ ಗಾದಿ.

ಇಂಥವನನ್ನು ಜನ ಬಳ್ಳಾರಿ ಸೀಮೆಯ ಮಂತ್ರಾಲಯದ ಕಥೆಯೊಳಕ್ಕೆ ಕರೆದುಕೊಂಡರು. ಮಠದ ಜಮೀನಿನ ವಿಚಾರಣೆಗೆ ಬಂದ ಮನ್ರೋ ಟೋಪಿ ತೆಗೆದು, ಬೂಟು ಕಳಚಿ ಒಳಹೋದನಂತೆ. 1671ರಲ್ಲಿ ವೃಂದಾವನಸ್ಥರಾದ ರಾಘವೇಂದ್ರರು ಅವನೊಬ್ಬನಿಗೇ ಕಾಣಿಸಿಕೊಂಡು, ಮಾತಾಡಿ, ಮಂತ್ರಾಕ್ಷತೆ ಕೊಟ್ಟರಂತೆ. ಜೊತೆಗಿದ್ದವರಿಗೆ ಏನೂ ಕಾಣಲಿಲ್ಲ.

ಜಪವಿಲ್ಲ, ತಪವಿಲ್ಲ, ಸೀಮೆ ಗೆದ್ದು ಬಂದವನು. ಯಾವ ಪುಣ್ಯಕ್ಕೆ ದರ್ಶನ?

ಪೂರ್ವಜನ್ಮದ ಸುಕೃತ ಎಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತದೆ. ಕಥೆ ಅಷ್ಟು ಸರಳವಲ್ಲ. ಅಲ್ಲಿ ಗುರುಗಳು ಅವನಿಗೆ ಮೋಕ್ಷದ ಮಾತು ಹೇಳುವುದಿಲ್ಲ, ಇನಾಮಿನ ಹಕ್ಕು ತಿಳಿಸುತ್ತಾರೆ. ವಿಚಾರಿಸಲು ಬಂದ ಸರ್ಕಾರ ಬರಿಗಾಲಲ್ಲಿ ನಿಂತು ಕೇಳಿಸಿಕೊಳ್ಳುತ್ತದೆ. ಪವಾಡವನ್ನು ನಂಬದವರೂ ಈ ಜಾಣತನಕ್ಕೆ ತಲೆದೂಗಬೇಕು: ಸೋತ ಸೀಮೆ ಗೆದ್ದವನನ್ನು ಭಕ್ತನನ್ನಾಗಿಸಿ ತನ್ನ ನ್ಯಾಯಕ್ಕೆ ಒಳಪಡಿಸಿಕೊಂಡಿದೆ.

ಅವನ ಲೆಕ್ಕದ ಪುಸ್ತಕ ಮಾತ್ರ ಇನ್ನೂ ತೊಡಕಿನದು. ಬಳ್ಳಾರಿ-ಕಡಪ ಸೀಮೆಯ ಕಂದಾಯ ಹೆಚ್ಚಾಯಿತು, ಕಾಲುಭಾಗ ಇಳಿಸಿ ಎಂದು 1807ರಲ್ಲಿ ಅವನೇ ಬರೆದ. ಮೇಲಿನವರು ಒಪ್ಪಲಿಲ್ಲ. ತಾನೇ ಗವರ್ನರ್ ಆದಮೇಲೆ ಅದನ್ನು ಜಾರಿಗೆ ತಂದ. ನಡುವಿನ 13 ವರ್ಷ ರೈತ ಕಟ್ಟುತ್ತಲೇ ಇದ್ದ. ಹೊರೆ ಹೊರಿಸಿದವನೂ ಇಳಿಸಿದವನೂ ಒಬ್ಬನೇ ಆದರೆ ಅದು ಪುಣ್ಯವೋ, ಪ್ರಾಯಶ್ಚಿತ್ತವೋ? ಪ್ರಾಯಶ್ಚಿತ್ತಕ್ಕೆ ಪಶ್ಚಾತ್ತಾಪ ಬೇಕು. ತಪ್ಪಿದ ದರಕ್ಕೆ ಮನ್ರೋ ನೊಂದ, ಗೆದ್ದದ್ದಕ್ಕಲ್ಲ.

ಊರಿಗೆ ಮರಳುವ ಮುನ್ನ ಆ ಸೀಮೆಯನ್ನು ಕೊನೆಯ ಸಲ ನೋಡಹೋಗಿ, 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡ. ಸರ್ಕಾರ ಅಲ್ಲಿ ತೋಪು ಬೆಳೆಸಿ, ಮೆಟ್ಟಿಲುಬಾವಿ ಕಟ್ಟಿಸಿತು. ಹಳ್ಳಿಗರು ಗಂಡುಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟರು.