ಬಾಲಿಕೆಯರ ಕಾಲ್ಚೆಂಡಾಟವೂ ಆತ್ಮಪ್ರತ್ಯಯವೂ

ಧೈರ್ಯವನ್ನು ಒಬ್ಬರು ಇನ್ನೊಬ್ಬರಿಗೆ ಕೊಡಬಹುದೇ? ಧನವನ್ನು ಕೊಡಬಹುದು, ವಿದ್ಯೆಯನ್ನೂ ಕೊಡಬಹುದು. ಧೈರ್ಯವು ಹಾಗೆ ಕೈಯಿಂದ ಕೈಗೆ ಸಲ್ಲುವ ವಸ್ತುವೇ? ಬಾಲಿಕೆಯರಿಗೆ ಕಾಲ್ಚೆಂಡಾಟವನ್ನು ಕಲಿಸಿ ಅವರಲ್ಲಿ ಆತ್ಮಪ್ರತ್ಯಯವನ್ನೂ ಮನೋಬಲವನ್ನೂ ಬೆಳೆಸಬೇಕೆಂದು ಈಗ ಅನೇಕರು ಹೇಳುತ್ತಿರುವರು. ಮಾತು ಒಳ್ಳೆಯದೇ. ಆದರೆ ಕಲಿಸುವವರು ಏನನ್ನು ಕೊಡಬಲ್ಲರು, ಏನನ್ನು ಕೊಡಲಾರರು ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳದಿದ್ದರೆ ಒಳ್ಳೆಯ ಮಾತೂ ಬರಿಯ ಮಾತಾಗಿಯೇ ಉಳಿಯುವದು.

ನಮ್ಮ ಕರೋಶಿ, ಚಿಕ್ಕೋಡಿ, ನಿಪ್ಪಾಣಿಗಳ ಸೀಮೆಯಲ್ಲಿ ಗಂಡುಮಕ್ಕಳ ಮೈಕಟ್ಟಿಗೆ ತಾಲೀಮೆಂಬ ಗರಡಿಯ ಪದ್ಧತಿಯುಂಟು. ನಿಪ್ಪಾಣಿಯಾಚೆಯ ಕೊಲ್ಹಾಪುರದಲ್ಲಿ ಕಾಲ್ಚೆಂಡಿನ ತಂಡಗಳೂ ತಾಲೀಮುಗಳ ಹೆಸರನ್ನೇ ಹೊತ್ತಿವೆ. ಪಾಟಾಕಡೀಲ ತಾಲೀಮ ಮಂಡಳ, ದಿಲಬಹಾರ ತಾಲೀಮ ಮಂಡಳ ಎಂಬುವು ಪ್ರಸಿದ್ಧವಾದವು. ಅಲ್ಲಿ ಆಡುವ ಹುಡುಗನು ಒಂಟಿಯಲ್ಲ. ಅವನ ಹಿಂದೆ ಒಂದು ಪೇಟೆಯೇ ನಿಂತಿರುವದು. ಅವನು ಸೋತರೆ ಬೈಯುವವರುಂಟು, ಮರುದಿನ ಮತ್ತೆ ಕರೆಯುವವರೂ ಉಂಟು. ಹುಡುಗಿಯ ಹಿಂದೆ ನಿಲ್ಲುವವರು ಯಾರು? ಹತ್ತು ಹನ್ನೆರಡರ ತನಕ ಓಣಿಯಲ್ಲಿ ಓಡಾಡಿದವಳನ್ನು ಆಮೇಲೆ ಒಳಗೆ ಕರೆದುಕೊಳ್ಳುವದು, ಕೆಲವು ವರ್ಷಗಳ ಬಳಿಕ ಇವಳು ಅಂಜುಬುರುಕಿ ಎನ್ನುವದು! ಇದು ಅಭಾವವನ್ನು ಸ್ವಭಾವವೆಂದು ಕರೆಯುವ ತಪ್ಪಲ್ಲದೆ ಮತ್ತೇನು?

ಈ ತಪ್ಪು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಕಾಲ್ಚೆಂಡಾಟದ ತವರೆನಿಸಿದ ಇಂಗ್ಲಂಡದಲ್ಲಿ 1920ನೆಯ ಇಸವಿಯ ಡಿಸೆಂಬರದಲ್ಲಿ ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ನಡೆದ ಸ್ತ್ರೀಯರ ಪಂದ್ಯವನ್ನು ನೋಡಲು ಸುಮಾರು 53,000 ಜನರು ನೆರೆದಿದ್ದರು. ಮರುವರ್ಷವೇ ಅಲ್ಲಿಯ ಫುಟ್‌ಬಾಲ್ ಸಂಘವು ಈ ಆಟವು ಸ್ತ್ರೀಯರಿಗೆ ತಕ್ಕದ್ದಲ್ಲವೆಂದು ಸಾರಿ, ತನ್ನ ಅಧೀನದ ಮೈದಾನಗಳಲ್ಲಿ ಅವರು ಆಡದಂತೆ ತಡೆಯಿತು. ಆ ತಡೆಯು ಸುಮಾರು ಐವತ್ತು ವರ್ಷ ನಡೆಯಿತು. ಆಡಲಾರದವರಿಗೆ ನಿಷೇಧವೇತಕ್ಕೆ ಬೇಕು? ಆಡಬಲ್ಲರೆಂದೇ ನಿಷೇಧವು ಬೇಕಾಯಿತು.

ನಮ್ಮ ದೇಶದಲ್ಲಿ ಸ್ತ್ರೀಯರ ಕಾಲ್ಚೆಂಡಾಟದ ಮಂಡಳವು 1975ರಲ್ಲಿ ಸ್ಥಾಪಿತವಾಯಿತು. 1980ರಲ್ಲಿ ಕಲ್ಲಿಕೋಟೆಯಲ್ಲಿ ನಡೆದ ಏಷ್ಯಾಖಂಡದ ಸ್ಪರ್ಧೆಯಲ್ಲಿ ನಮ್ಮ ವನಿತೆಯರು ಎರಡನೆಯ ಸ್ಥಾನವನ್ನು ಪಡೆದರು. ನಮ್ಮ ಜಿಲ್ಲೆಯನ್ನೇ ನೋಡಿದರೆ, ಕಾಕತಿಯಲ್ಲಿ ಹುಟ್ಟಿ ಕುದುರೆ ಕತ್ತಿಗಳ ವಿದ್ಯೆ ಕಲಿತ ಚೆನ್ನಮ್ಮನು 1824ರಲ್ಲಿ ಕಿತ್ತೂರನ್ನು ಕಾದಳು; ತುರಮುರಿಯ ಮಲಪ್ರಭಾ ಜಾಧವ ಇವರು 2018ರ ಏಷ್ಯಾ ಕ್ರೀಡೆಗಳಲ್ಲಿ ಕುರಾಶ್ ಎಂಬ ಕುಸ್ತಿಯ ಬಗೆಯ ಆಟದಲ್ಲಿ ಕಂಚಿನ ಪದಕವನ್ನು ಗಳಿಸಿದರು. ಆದಕಾರಣ ಹೆಣ್ಣುಮಕ್ಕಳಲ್ಲಿ ಶಕ್ತಿಯುಂಟೋ ಇಲ್ಲವೋ ಎಂಬ ವಾದವನ್ನು ಇನ್ನು ಮುಗಿಸಬಹುದು. ಅದನ್ನು ಬೆಳೆಸುವ ಬಗೆ ಯಾವದೆಂಬುದೇ ಉಳಿದ ಪ್ರಶ್ನೆ.

ನಮ್ಮ ತಾರ್ಕಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಹೇಳಿರುವರು. ನೀನು ಸಮರ್ಥಳು, ಹೆದರಬೇಡ ಎಂದು ಗುರುವು ಹೇಳಿದರೆ ಅದು ಶಬ್ದಪ್ರಮಾಣ. ಎದುರಾಳಿಯು ಮೈಮೇಲೆ ಬರುತ್ತಿರಲು ಚೆಂಡನ್ನು ಕಾಲಿನಿಂದ ತಡೆದು ಗೆಳತಿಗೆ ದಾಟಿಸಿದ ಹುಡುಗಿಗೆ ಆಗುವದು ಪ್ರತ್ಯಕ್ಷ. ಆತ್ಮಪ್ರತ್ಯಯವೆಂಬುದು ಈ ಎರಡನೆಯದರಿಂದಲೇ ಹುಟ್ಟತಕ್ಕದ್ದು. ಹೊಗಳಿಕೆಯು ಅವಳನ್ನು ಮೈದಾನದ ಅಂಚಿನವರೆಗೆ ತರಬಹುದು. ಅಲ್ಲಿಂದ ಮುಂದಿನದು ಅವಳ ಕಾಲುಗಳ ಕೆಲಸ. ಮಾಡದ ಕೆಲಸಕ್ಕೆ ಹೊಗಳಿದರಂತೂ ಅವಳು ಕೂಡಲೆ ತಿಳಿದುಕೊಳ್ಳುವಳು. ಆ ಬಳಿಕ ನಿಜವಾದ ಹೊಗಳಿಕೆಯನ್ನೂ ನಂಬಳು.

ಈ ಆಟದಲ್ಲಿ ಗುರುವಿಗೆ ಒಂದು ದೊಡ್ಡ ಪಾಠವುಂಟು. ಸೀಟಿಯನ್ನೂದಿದ ಮೇಲೆ ಅವನು ಗೆರೆಯ ಹೊರಗೆ ನಿಲ್ಲತಕ್ಕವನು. ಹನ್ನೊಂದು ಜನ ಬಾಲಿಕೆಯರು ಕ್ಷಣಕ್ಷಣಕ್ಕೂ ತಮ್ಮ ಬುದ್ಧಿಯಿಂದಲೇ ನಿರ್ಣಯಿಸಬೇಕು. ಹೊರಗಿನಿಂದ ಹೆಜ್ಜೆಹೆಜ್ಜೆಗೆ ಕೂಗಿ ಆಡಿಸುವವನು ಪಂದ್ಯವನ್ನು ಗೆಲ್ಲಿಸಿಯಾನು; ಆದರೆ ಹುಡುಗಿಯ ಕಣ್ಣು ಚೆಂಡನ್ನು ಬಿಟ್ಟು ಅವನ ಮುಖವನ್ನೇ ನೋಡುತ್ತಿರುವದು. ಅಲ್ಲಿ ಬೆಳೆದದ್ದು ಧೈರ್ಯವಲ್ಲ, ಪರಾಧೀನತೆ. ಏಕೆ ಹೀಗೆ ಮಾಡಿದೆ ಎಂದು ಗದರಿಸುವದಕ್ಕಿಂತ, ಆಗ ನಿನಗೆ ಏನು ಕಂಡಿತು ಎಂದು ಕೇಳುವ ಗುರುವು ಹೆಚ್ಚು ಕಲಿಸುವನು. ತನ್ನ ಅವಶ್ಯಕತೆಯು ದಿನದಿನಕ್ಕೆ ಕಡಿಮೆಯಾಗುವಂತೆ ನಡೆಯುವದೇ ಅವನ ಧರ್ಮ.

ಮನೋಬಲದ ವಿಷಯವೂ ಹೀಗೆಯೇ. ಮನೋನಿಗ್ರಹಕ್ಕೆ ಅಭ್ಯಾಸ ವೈರಾಗ್ಯಗಳೆರಡೂ ಬೇಕೆಂದು ಪತಂಜಲಿ ಮುನಿಯು ತಿಳಿಸಿರುವನು. ಮೈದಾನದಲ್ಲಿ ಅಭ್ಯಾಸವನ್ನು ಎಲ್ಲರೂ ಒಪ್ಪುವರು, ವೈರಾಗ್ಯವನ್ನು ಮರೆಯುವರು. ಈಗ ತಾನೇ ತಪ್ಪಿದ ಗೋಲನ್ನು ಮನಸ್ಸಿನಿಂದ ಬಿಟ್ಟು ಮುಂದಿನ ಚೆಂಡಿಗೆ ಓಡುವದೇ ಇಲ್ಲಿಯ ವೈರಾಗ್ಯ. 2023ರಲ್ಲಿ ನಮ್ಮ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡದ ವನಿತೆಯರು ಭಾರತೀಯ ಲೀಗಿನ ಅಂತಿಮ ಪಂದ್ಯದಲ್ಲಿ ಗೋಕುಲಂ ತಂಡಕ್ಕೆ ಐದು ಗೋಲುಗಳಿಂದ ಸೋತರು. ಅಂತಿಮದವರೆಗೆ ಬಂದವರಿಗೂ ಇಂಥ ದಿನವು ಬರುವದೆಂಬುದನ್ನು ಎಳೆಯರಿಗೆ ಮರೆಮಾಚಬಾರದು. ಸೋಲಿನಿಂದ ಕಾಪಾಡಲ್ಪಟ್ಟವಳಿಗೆ ಸೋಲಿನ ಭಯವೇ ಉಳಿಯುವದು. ಸೋತು ಎದ್ದವಳಿಗೆ ಅದರ ಅಳತೆಯು ತಿಳಿದಿರುವದು.

ಹಾಗಾದರೆ ಹಿರಿಯರು ಕೊಡಬಲ್ಲದ್ದು ಏನೂ ಇಲ್ಲವೇ? ಬಹಳವುಂಟು. 2019ರಿಂದ 2021ರ ವರೆಗಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಜನರಿಗೆ ರಕ್ತಹೀನತೆಯುಂಟು. ರಕ್ತವಿಲ್ಲದ ಮೈಗೆ ಮನೋಬಲದ ಉಪದೇಶ ಮಾಡುವದು ಎಣ್ಣೆಯಿಲ್ಲದ ದೀಪಕ್ಕೆ ಬತ್ತಿಯನ್ನು ಹೊಸೆದಂತೆ. ಮೊದಲು ಹೊಟ್ಟೆತುಂಬ ಊಟ, ಕಾಲಿಗೆ ತಕ್ಕ ಬೂಟು. ಈ ಆಟದಲ್ಲಿ ಮೊಣಕಾಲಿನ ಒಳಗಿನ ನರಕಟ್ಟು ಹರಿಯುವ ಭಯವು ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚು. ಆಟಕ್ಕೆ ಮುಂಚಿನ ತಕ್ಕ ವ್ಯಾಯಾಮದಿಂದ ಅದನ್ನು ಬಹುಮಟ್ಟಿಗೆ ತಗ್ಗಿಸಬಹುದು. ಇದನ್ನರಿಯದವನು ಕಲಿಸಲು ನಿಲ್ಲಕೂಡದು. ಅದಕ್ಕಿಂತ ಮುಖ್ಯವಾದದ್ದು ನಿರ್ಭಯತೆ. 2022ರಲ್ಲಿ ದೇಶದ 17 ವರ್ಷದೊಳಗಿನ ಬಾಲಿಕೆಯರ ತಂಡದ ಸಹಾಯಕ ಶಿಕ್ಷಕನೊಬ್ಬನನ್ನು ದುರ್ವರ್ತನೆಯ ಕಾರಣದಿಂದ ತೆಗೆದುಹಾಕಬೇಕಾಯಿತು. ಗುರುವೆಂಬ ಹೆಸರೊಂದೇ ರಕ್ಷಣೆಯಾಗದು. ಮೈದಾನದಲ್ಲಿ ಶಿಕ್ಷಕಿಯರೂ ತಾಯಂದಿರೂ ಇರಬೇಕು; ಹುಡುಗಿಯು ದೂರು ಹೇಳಿದರೆ ಅವಳ ಆಟವನ್ನು ನಿಲ್ಲಿಸದೆ ದೂರನ್ನು ವಿಚಾರಿಸಬೇಕು.

ಕೊನೆಗೆ ಒಂದು ಆಕ್ಷೇಪವುಳಿಯುವದು: ಮದುವೆಯಾಗಿ ಹೋಗುವವಳಿಗೆ ಈ ಆಟದಿಂದೇನು? ಆಟವು ಬಿಟ್ಟುಹೋಗಬಹುದು. ಆದರೆ ಮೈದಾನದಲ್ಲಿ ಚೆಂಡನ್ನು ಇತ್ತ ಕೊಡು ಎಂದು ಗಟ್ಟಿಯಾಗಿ ಕೂಗಲು ಕಲಿತವಳು ತನ್ನ ಓದು, ತನ್ನ ಮದುವೆಯ ವಯಸ್ಸು, ತನ್ನ ಮನೆಯ ನ್ಯಾಯ ಇವುಗಳ ಮಾತು ಬಂದಾಗಲೂ ಬಾಯಿ ತೆರೆದಾಳು. ಆಗ ನಾವು ಏನು ಮಾಡುವೆವು? ಅವಳ ಪದಕವನ್ನು ಗೋಡೆಗೆ ತೂಗುಹಾಕಿ ಅವಳ ಮಾತನ್ನು ತಡೆದರೆ ನಾವು ಬಯಸಿದ್ದು ಕೀರ್ತಿಯನ್ನು, ಧೈರ್ಯವನ್ನಲ್ಲ. ಮಗಳಲ್ಲಿ ಆತ್ಮಪ್ರತ್ಯಯವು ಬೆಳೆಯಲೆಂದು ಹಾರೈಸುವ ಮನೆಯವರು, ಅದು ಮೊದಲು ತಮ್ಮೆದುರಿಗೇ ನಿಂತು ಮಾತಾಡುವದೆಂದು ತಿಳಿದೇ ಹಾರೈಸತಕ್ಕದ್ದು.